ಅನುಸೂಯಾ ಗೋಡೆ ನೋಡುತ್ತ ಹಾಲೂಡಿಸಿದಳು

ಅಧ್ಯಕ್ಷರಾದ ಅಪ್ಪಾಸಾಹೇಬರೇ, ವೇದಿಕೆಯ ಮೇಲಿನ ಹಿರಿಯರೇ, ಬಿಬವೇವಾಡಿಯ ಈ ಸೆಕೆಯಲ್ಲೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ಮೇ ತಿಂಗಳಲ್ಲಿ ಶಾಲು ಹೊದಿಸಿದ್ದೀರಿ. ಇದು ಸನ್ಮಾನವೋ ಶಿಕ್ಷೆಯೋ ತಿಳಿಯದು. ಮೂವತ್ತು ವರ್ಷ ನರ್ಸ್ ಆಗಿದ್ದ ಈ ಪ್ರೇಮಾವತಿಯನ್ನು "ತಾಯಂದಿರ ತಾಯಿ" ಎಂದು ಕರೆದಿರಿ. ಆ ಮಾತು ನನಗೆ ಸಲ್ಲುತ್ತದೆಯೇ?

ಎರಡು ಸಾವಿರದ ನಾಲ್ಕರಲ್ಲಿ ನಾನು ವ್ಯಸನಮುಕ್ತಿ ವಾರ್ಡಿನಲ್ಲಿದ್ದೆ. ನಮ್ಮ ಕನ್ನಡ ಸೀಮೆಯ ಶಹಾಪುರದ ಕಡೆಯ ಅನುಸೂಯಾ ಇಲ್ಲಿಯ ಮಗರಪಟ್ಟಾದಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಬೆನ್ನುನೋವಿಗೆ ಒಳ್ಳೆಯದೆಂದು ಗಂಡ ಬ್ರೌನ್ ಶುಗರ್ ಎಂಬ ಮಾದಕ ಪುಡಿ ಸೇದಿಸಿ, ಚಟ ಹತ್ತಿದ ಮೇಲೆ ಬಿಟ್ಟುಹೋಗಿದ್ದ. ಬಸುರಿಯೆಂದು ತಿಳಿದಾಗ ಅವಳು ತಾನಾಗಿಯೇ ನಡೆದು ಬಂದಳು. ಚಟ ಬಿಡಿಸಲು ದಿನಾ ಬೆಳಿಗ್ಗೆ ನಾಲಿಗೆಯ ಕೆಳಗೆ ಒಂದು ಮಾತ್ರೆ. ಅದನ್ನು ತೆಗೆದುಕೊಂಡೂ ಎದೆಹಾಲು ಕೊಡಬಹುದೆಂದು ವಾರ್ಡಿನ ಡಾಕ್ಟರ್ ಮಾಧುರಿ ಹೇಳಿದ್ದರು. ಹೆಣ್ಣು ಕೂಸು ಹುಟ್ಟಿತು. ತಾಯಿಯ ಚಟದ ಫಲವಾಗಿ ಅದರ ಕೈಕಾಲು ನಡುಗುತ್ತಿದ್ದವು, ಸಣ್ಣ ಸದ್ದಿಗೂ ಬೆಚ್ಚಿ ಚೀರುತ್ತಿತ್ತು.

ಡಾಕ್ಟರ್ ರಜೆಗೆ ಹೋದರು. ಹಾಲೂಡಿಸುವುದನ್ನು ನೋಡಿ ಬರೆದಿಡುವ ಕೆಲಸ ನನ್ನದಾಯಿತು. ನಾನು ಕಂಡದ್ದೇನು? ಅನುಸೂಯಾ ಕೂಸನ್ನು ಎದೆಗೆ ಹಚ್ಚಿ ಗೋಡೆಯ ಕಡೆ ಮುಖ ಮಾಡುತ್ತಿದ್ದಳು. ಮಾತಿಲ್ಲ, ಮುದ್ದಿಲ್ಲ. "ತಾಯಿಗೆ ಮಗುವಿನ ಮೇಲೆ ಆಸಕ್ತಿಯಿಲ್ಲ" ಎಂದು ಬರೆದೆ. ಮೂರು ದಿನ ಅದನ್ನೇ ಬರೆದೆ. ಒಮ್ಮೆಯಾದರೂ ಯಾಕೆಂದು ಕೇಳಿದೆನೇ? ವಾರ್ಡಿನ ಸಿಬ್ಬಂದಿಯಲ್ಲಿ ಅವಳ ಕನ್ನಡ ಬಲ್ಲವಳು ನಾನೊಬ್ಬಳೇ. ಅಂಥವಳ ಪಕ್ಕ ಕುಳಿತು ನನ್ನ ಮನೆಮಾತು ಆಡಿದರೆ ಉಳಿದ ಮರಾಠಿ ಸಿಸ್ಟರ್‌ಗಳು ಏನೆಂದುಕೊಂಡಾರು ಎಂಬ ನಾಚಿಕೆ.

ನಾನು ಬರೆದದ್ದನ್ನು ಓದಿ ಮಕ್ಕಳ ಕಲ್ಯಾಣ ಸಮಿತಿಯವರು ಕೂಸನ್ನು ಶಿಶುಗೃಹಕ್ಕೆ ಒಯ್ದರು. ಅನುಸೂಯಾ ನನ್ನ ಕೈ ಹಿಡಿದಳು.

"ಅಕ್ಕಾರ, ನಾ ಮಾರಿ ನೋಡಿದ್ರ ಅದು ಬೆದರಿ ಕುಡಿಯೂದು ಬಿಡ್ತದರಿ. ಮಾತಾಡಿದ್ರ ಅಳ್ತದ. ಅದಕ್ಕ ಗ್ವಾಡಿ ಕಡೆ ನೋಡ್ತಿದ್ದೆ. ಸುಮ್ಮ ಕುಂತ್ರ ಹೊಟ್ಟಿತುಂಬ ಕುಡೀತದರಿ."

"ಮೊದಲೇ ಹೇಳಬೇಕಿಲ್ಲೇನು?"

"ನೀವು ಕೇಳಲಿಲ್ಲಲ್ರಿ."

ಅಂದೇ ಅವಳನ್ನು ಮನೆಗೆ ಕಳಿಸಿದರು. ಮರುದಿನ ಮಾತ್ರೆಗೆ ಬಂದಾಗ ಅವಳು ಸ್ಟೀಲ್ ಲೋಟದಲ್ಲಿ ಎದೆಹಾಲು ಹಿಂಡಿ, ಸೆರಗು ಮುಚ್ಚಿ ತಂದಳು. "ಕೂಸಿಗೆ ಮುಟ್ಟಸ್ರಿ." ನಾಲ್ಕು ದಿನ ತಂದಳು. ಐದನೆಯ ದಿನ ಹಾಲೂ ಬರಲಿಲ್ಲ, ಮಾತ್ರೆಗೆಂದು ಅವಳೂ ಬರಲಿಲ್ಲ.

ಡಾಕ್ಟರ್ ಮಾಧುರಿ ರಜೆಯಿಂದ ಬಂದವರು ನನ್ನ ಬರಹ ಓದಿ ತಲೆ ಹಿಡಿದುಕೊಂಡರು. ಇಂಥ ಕೂಸುಗಳಿಗೆ ಕಣ್ಣಿಗೆ ಕಣ್ಣು ಕೂಡಿಸಿದರೂ ತಡೆದುಕೊಳ್ಳಲಾಗುವುದಿಲ್ಲವಂತೆ. ಯಾರೂ ಕಲಿಸದೆಯೇ ಆ ತಾಯಿಗೆ ಅದು ತಿಳಿದಿತ್ತು. ಇಬ್ಬರೂ ಕೂಲಿಕಾರರ ಶೆಡ್ಡುಗಳಿಗೆ ಓಡಿದೆವು. ಅವಳ ತಾಯಿ ಯಂಕವ್ವ ಒಬ್ಬಳೇ ಕುಳಿತಿದ್ದಳು. "ಕೂಸಿಲ್ಲದ ಇರಾಕ ಆಗಲಿಲ್ಲವ್ವ. ಮತ್ತ ಪುಡಿ ಹಿಡದ್ಲು. ನಿನ್ನೆ ಮಣ್ಣು ಮಾಡಿ ಬಂದ್ವಿ."

ಡಾಕ್ಟರ್ ಅಲ್ಲಿ ಇಲ್ಲಿ ಅಲೆದು ಕೂಸನ್ನು ಯಂಕವ್ವನಿಗೆ ಕೊಡಿಸಿದರು. ಉಡಿಯಲ್ಲಿ ಹಾಕಿಕೊಂಡು ಆಕೆ ಕೇಳಿದಳು: "ಮಗಳು ದಿನಾ ಹಾಲು ತಂದಿದ್ಲಲ್ರಿ, ಕುಡೀತೇನವ್ವ ಕೂಸು?"

ಸಭಿಕರೇ, ಆ ಹಾಲನ್ನು ಶಿಶುಗೃಹಕ್ಕೆ ಒಯ್ಯುವ ಗೋಜಿಗೆ ಹೋಗದೆ ನಾಲ್ಕು ದಿನವೂ ನಾನೇ ಮೋರಿಗೆ ಸುರಿದಿದ್ದೆ. "ಕುಡೀತ್ರಿ, ಯಂಕವ್ವಾರ, ಎಲ್ಲಾ ಕುಡೀತು" ಎಂದೆ. ಮುದುಕಿ ನನ್ನ ಕಾಲು ಮುಟ್ಟಲು ಬಾಗಿದಳು. ನಾನು ತಡೆಯಲೂ ಇಲ್ಲ.

ಇಷ್ಟು ಹೇಳಲು ಬಿಟ್ಟಿರಿ, ಉಪಕಾರವಾಯಿತು. ನಮಸ್ಕಾರ.