ಸುಮಿಯ ಎರಡನೇ ದನಿ

ಆ ಫ್ಯಾನ್ ಸ್ವಲ್ಪ ಆರಿಸಿ. ಇದನ್ನ ಜೋರಾಗಿ ಹೇಳೋಕೆ ನನ್ನಿಂದಾಗಲ್ಲ.

ನಮ್ಮ ಮನೆ ಕೆಳಗಿನ ಕೋಣೆಗೆ ಬಾಡಿಗೆಗೆ ಬಂದಿದ್ದಳಲ್ಲ, ತಾಕಾಯೊ... ಅವಳಿಗೆ ಆದದ್ದು. ಒಂದು ಶುಕ್ರವಾರ ರಾತ್ರಿ ಹಾಡಿನ ಮನೆಯಲ್ಲಿ ಹಾಡು ಕೇಳಿ ಒಬ್ಬಳೇ ಮನೆಗೆ ಬರ್ತಿದ್ದಳು. ನಮ್ಮ ಕೊಜಾ ಊರಿನ ಹಳೇ ಬಜಾರು ದಾಟಿದರೆ ಇಳಿಜಾರಿನ ಓಣಿ. ತಿರುವಿನಲ್ಲಿ ಆಲದ ಮರ, ಬುಡದಲ್ಲಿ ಬಾವಿ. ಗಾಳಿ ಇರಲಿಲ್ಲ. ಆದರೂ ಬಿಳಲುಗಳು ಒಂದಕ್ಕೊಂದು ಉಜ್ಜಿಕೊಳ್ತಿದ್ದವು. ಸರ್... ಸರ್... ಇವಳು ಆಗಷ್ಟೇ ಕೇಳಿದ ಹಾಡನ್ನ ಗುನುಗ್ತಾ ಬರ್ತಿದ್ದಳು.

ಯಾರೋ ಜೊತೆಗೆ ಗುನುಗಿದರು.

ಅದೇ ಹಾಡು. ಆದರೆ ದನಿ ಇವಳದಕ್ಕಿಂತ ಒಂದಿಷ್ಟು ಕೆಳಗೆ... ಪಕ್ಕದಲ್ಲೇ ಹೆಜ್ಜೆ ಹಾಕಿಕೊಂಡು ಬರೋ ಹಾಗೆ.

ಅವಳು ಹೆದರಲಿಲ್ಲ. ಊರಿಗೆ ಹೊಸಬಳು, ಹೆದರಬೇಕು ಅಂತ ಅವಳಿಗೆ ಹೇಳಿದವರು ಯಾರು? ನೀಗಾತಾ ಕಡೆಯವಳು, ಹಿಮದ ಸೀಮೆ. ಕನ್ನಡಕದ ಅಂಗಡಿ ಕೆಲಸಕ್ಕೆ ಅಂತ ನಮ್ಮ ದ್ವೀಪಕ್ಕೆ ಬಂದಿದ್ದಳು. ಯಾರೋ ಅಜ್ಜಿಗೆ ನಿದ್ದೆ ಬಂದಿಲ್ಲ ಅಂದುಕೊಂಡು, "ಚೆನ್ನಾಗಿದೆ ಅಜ್ಜಿ!" ಅಂತ ಕತ್ತಲ ಕಡೆ ಕೂಗಿ ಬಂದಳಂತೆ.

ಅಲ್ಲಿ ಹತ್ತಿರದಲ್ಲಿ ಒಂದು ಮನೆಯೂ ಇಲ್ಲ.

ನಾನು ಡ್ರಮ್ ಬಾರಿಸೋನು, ಗೊತ್ತಲ್ಲ. ಬಜಾರಿನ ಮಹಡಿ ಮೇಲಿನ ಹಾಡಿನ ಮನೆಯಲ್ಲಿ ಯೊನಾಮಿನೆ ಕಿಕು ಅಕ್ಕನ ಹಿಂದೆ ಕೂತೇ ನನ್ನ ಕೂದಲು ಬೆಳ್ಳಗಾಗಿದೆ. ಕಿಕು ಅಕ್ಕ ಟೀವಿಯಲ್ಲಿ ಬಂದವಳಲ್ಲ, ತೋಕ್ಯೋದಲ್ಲಿ ಅವಳ ಹೆಸರು ಕೇಳಿದವರಿಲ್ಲ. ಆದರೆ ಅವಳು ಕಟ್ಟಿದ ಹಾಡು ನಮ್ಮೂರಿನ ಟ್ಯಾಕ್ಸಿಯವರ ಬಾಯಲ್ಲಿದೆ, ಮೀನು ಕೊಯ್ಯೋ ಹೆಂಗಸರ ಬಾಯಲ್ಲಿದೆ.

ತಾಕಾಯೊ ಮೊದಲ ಸಲ ಬಂದದ್ದು ಮಳೆ ತಪ್ಪಿಸಿಕೊಳ್ಳೋಕೆ. ಹಿಂದಿನ ಸಾಲಲ್ಲಿ ಮಂಡಿ ಜೋಡಿಸಿಕೊಂಡು ಕೂತಳು. ಟ್ಯಾಕ್ಸಿ ಜೆಂಕೊ ಬಿಡ್ತಾನಾ?

"ಏನಮ್ಮಾ, ಪರೀಕ್ಷೆ ಬರೆಯೋಕೆ ಬಂದ್ಯಾ? ಕೈ ಎತ್ತಿ ಕುಣಿ!"

"ನಮ್ಮೂರಲ್ಲಿ ಹಾಡು ಮುಗಿಯೋತನಕ ಯಾರೂ ಕೆಮ್ಮೋದೂ ಇಲ್ಲ," ಅಂದಳು ಇವಳು.

"ಅದಕ್ಕೇ ಅಲ್ಲಿ ಹಿಮ ಬೀಳೋದು!"

ಇಡೀ ಕೋಣೆ ನಕ್ಕಿತು. ಅವಳೂ ನಕ್ಕಳು. ಆಮೇಲೆ ಒಂದು ಶುಕ್ರವಾರವೂ ತಪ್ಪಿಸಲಿಲ್ಲ. ಹಾಗಲಕಾಯಿ ಪಲ್ಯ ತಿನ್ನೋದು ಕಲಿತಳು, ಬಾಯಲ್ಲಿ ಬೆರಳಿಟ್ಟು ಸೀಟಿ ಹೊಡೆಯೋದು ಕಲಿತಳು. ಅಂಗಡಿಯಲ್ಲಿ ಇಡೀ ವಾರ ಯಾರ ಹತ್ತಿರವೂ ನೆಟ್ಟಗೆ ಮಾತಾಡದವಳು ಇಲ್ಲಿ ಗಂಟಲು ಬಿಚ್ಚಿ ಹಾಡ್ತಿದ್ದಳು. "ಇದೊಂದು ಸಿಗದೆ ಹೋಗಿದ್ರೆ ನಾನು ಯಾವತ್ತೋ ವಾಪಸ್ ಹೋಗ್ತಿದ್ದೆ," ಅಂತ ನನ್ನ ಹೆಂಡತಿ ಹತ್ತಿರ ಹೇಳಿದ್ದಳು.

ಈಗ ಸುಮಿ ವಿಷಯ ಹೇಳಬೇಕು.

ಸುಮಿ ಅಂದರೆ ಕಿಕು ಅಕ್ಕನ ತಂಗಿ. ಮೊದಲು ಇಬ್ಬರೂ ಜೋಡಿಯಾಗಿ ಹಾಡ್ತಿದ್ದರು. ಅಕ್ಕನದು ಮೊದಲ ದನಿ, ತಂಗಿಯದು ಅದರ ಕೆಳಗೆ ಜೊತೆ ಕೊಡೋ ಎರಡನೇ ದನಿ. ಒಂದು ರಾತ್ರಿ ಸುಮಿ, ತಲೆನೋವು ಅಂತ ಮುಂಚೆ ಹೊರಟಳು. ಬೆಳಗ್ಗೆ ಆ ಆಲದ ಬುಡಕ್ಕೆ ಒರಗಿ ಕೂತಿದ್ದಳು. ಮೈಮೇಲೆ ಒಂದು ಗೀರಿಲ್ಲ. ಜೀವವೂ ಇಲ್ಲ. ಬಾಯಿ ಮಾತ್ರ ತೆರೆದಿತ್ತು... ಹಾಡಿನ ಸಾಲಿನ ಮಧ್ಯ ನಿಲ್ಲಿಸಿದ ಹಾಗೆ.

ಅವರು ಯಾವತ್ತೂ ರೆಕಾರ್ಡ್ ಮಾಡಿಸಿರಲಿಲ್ಲ. ಸುಮಿಯ ದನಿ ಸುಮಿ ಜೊತೆಗೇ ಹೋಯಿತು. ನಾವೂ ಮತ್ತೆ ಯಾರನ್ನೂ ಆ ಜಾಗಕ್ಕೆ ನಿಲ್ಲಿಸಲಿಲ್ಲ. ಇದೆಲ್ಲ ತಾಕಾಯೊಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ.

ಬಾವಿ ಹತ್ತಿರ ಆ ದನಿ ಕೇಳಿದ ಕೆಲವು ವಾರಕ್ಕೆ, ಒಂದು ಶುಕ್ರವಾರ ಕಿಕು ಅಕ್ಕ ತನ್ನ ಹಡಗಿನ ಹಾಡು ಎತ್ತಿಕೊಂಡಳು. ಜನ ಎಲ್ಲ ಜೊತೆಗೆ ಹಾಡ್ತಿದ್ದರು. ಹಿಂದಿನ ಸಾಲಿಂದ ಒಂದು ದನಿ ಮಾತ್ರ ಬೇರೆಯಾಗಿ, ಕೆಳಗೆ, ಮೆತ್ತಗೆ ಬಂತು.

ನನ್ನ ಕೈಯಿಂದ ಕೋಲು ಜಾರಿತು. ಟಕ್... ಟಕ ಟಕ... ಉರುಳಿಕೊಂಡು ಹೋಯಿತು. ಕಿಕು ಅಕ್ಕ ಹಾಡು ನಿಲ್ಲಿಸಿದಳು.

"ಅದನ್ನ ನಿನಗೆ ಯಾರು ಹೇಳಿಕೊಟ್ರು?"

ತಾಕಾಯೊ ಮುಖ ಕೆಂಪಾಯಿತು. "ತಪ್ಪಾಯ್ತಾ? ದಿನಾ ಮನೆಗೆ ಹೋಗ್ತಾ ಕೇಳ್ತೀನಿ... ಆ ಬಾವಿ ಹತ್ತಿರ ಒಬ್ಬರು ಅಜ್ಜಿ..."

"ಯಾವ ಬಾವಿ?"

"ಆಲದ ಮರದ್ದು. ಒಳಗೆ ನೀರು ಹೊಳೆಯುತ್ತಲ್ಲ, ಅದು."

ಜೆಂಕೊ ಎದ್ದು ನಿಂತ. ಅವನ ಬಾಯಲ್ಲಿ ತಮಾಷೆ ಬರಲಿಲ್ಲ. "ಅದನ್ನ ನಮ್ಮಪ್ಪನ ಕಾಲದಲ್ಲೇ ಮುಚ್ಚಿದ್ದಾರೆ ಕಣಮ್ಮ. ಬಾಯಿತನಕ ಸಿಮೆಂಟು."

ಅಡುಗೆಮನೆಯಲ್ಲಿ ಎಣ್ಣೆ ಚುರ್ ಅನ್ನೋದು ಕೇಳಿಸ್ತಿತ್ತು. ಕಿಕು ಅಕ್ಕ ಗಿಟಾರನ್ನ ಗೋಡೆಗೆ ಒರಗಿಸಿದಳು. "ಕರ್ಕೊಂಡು ಹೋಗು ನನ್ನ."

"ಬೇಡ ಅಕ್ಕ," ಅಂದೆ. "ನಾನೂ ಬರ್ತೀನಿ."

"ನೀನು ಬರಬೇಡ. ನೀನು ತಾಳ ತಪ್ಪಿಸಿದಾಗಲೆಲ್ಲ ಸುಮಿ ಬೈತಿದ್ದಳು." ನಕ್ಕಳು. ಆ ನಗು ನೋಡಿ ನಾನು ಮತ್ತೆ ಡ್ರಮ್ ಹಿಂದೆ ಕೂತೆ.

ಮುಂದಿನದು ತಾಕಾಯೊ ಅದೇ ರಾತ್ರಿ ನಮ್ಮ ಮೆಟ್ಟಿಲ ಮೇಲೆ ಕೂತು ಹೇಳಿದ್ದು.

ಇಬ್ಬರೂ ಮರದ ಕೆಳಗೆ ನಿಂತರಂತೆ. ಕಿಕು ಅಕ್ಕ ಮೊದಲ ಸಾಲು ಹಾಡಿದಳು, ಪಿಸುದನಿಯಲ್ಲಿ. ಏನೂ ಇಲ್ಲ. ಬಿಳಲು ಉಜ್ಜೋದೂ ನಿಂತಿತ್ತು. ಎರಡನೇ ಸಾಲು... ಕೆಳಗಿಂದ ದನಿ ಬಂತು. ಸುಮಿಯ ದನಿ.

ಕಿಕು ಅಕ್ಕ ಮಂಡಿಯೂರಿದಳು. ಅಳ್ತಾ ಅಳ್ತಾ ಕೇಳಿದಳಂತೆ, "ಸುಮೀ... ಊಟ ಆಯ್ತೇನೇ?"

ಕೆಳಗಿಂದ ಬಂದದ್ದು ಬರೀ ಹಾಡು.

ಅಕ್ಕ ಬಾವಿಯೊಳಗೆ ಬಲಗೈ ಇಳಿಬಿಟ್ಟಳು. ಮಣಿಕಟ್ಟು ಹೋಯಿತು. ಮೊಣಕೈ ಹೋಯಿತು. ಗುಳುಕ್... ಅಂತ ಸದ್ದು. ಆಗಲೇ ಹಾಡು ಬದಲಾಯಿತಂತೆ. ಅಕ್ಕನ ತುಟಿ ಆಡ್ತಿದೆ, ಗಂಟಲು ಉಬ್ಬುತ್ತಿದೆ, ಆದರೆ ಅಕ್ಕನಿಂದ ದನಿ ಇಲ್ಲ. ಮೊದಲ ದನಿಯೂ ಈಗ ಕೆಳಗಿಂದಲೇ ಬರ್ತಿತ್ತು.

"ಅಕ್ಕ, ಸಾಕು, ಏಳಿ!" ತಾಕಾಯೊ ಅಕ್ಕನ ಸೊಂಟಕ್ಕೆ ಕೈ ಹಾಕಿ ಎಳೆದಳು. ಕೆಳಗಿನಿಂದಲೂ ಯಾರೋ ಎಳೀತಿದ್ದರು. ಜೋರಾಗಿ ಅಲ್ಲ. ಮಗುವೊಂದು ಸೆರಗು ಹಿಡಿದ ಹಾಗೆ, ಬಿಡದೆ.

ಸೀಟಿ ಹೊಡೆಯೋಣ ಅಂತ ಬಾಯಿಗೆ ಬೆರಳಿಟ್ಟಳು. ಒಣಗಿದ ಬಾಯಿ... ಬರೀ ಉಸಿರು ಬಂತು. ಹಾಡು ಮುಗಿದರೆ ಜನ ಏನು ಮಾಡ್ತಾರೆ? ಅವಳಿಗೆ ಹೊಳೆದದ್ದು ಅಷ್ಟೇ. ಚಪ್ಪಾಳೆ ತಟ್ಟಿದಳು. ಕತ್ತಲಲ್ಲಿ, ಒಬ್ಬಳೇ, ಕೈ ಉರಿಯೋ ಹಾಗೆ.

ಹಾಡು ನಿಂತಿತು.

ಆಮೇಲೆ ಮರದ ಮೇಲಿಂದ ಚಪ್ಪಾಳೆ ಬಂತು. ಒಂದು ಜೊತೆ ಕೈಯಲ್ಲ. ಕಿಕ್ಕಿರಿದ ಹಾಡಿನ ಮನೆಯಲ್ಲಿ ತಟ್ತಾರಲ್ಲ... ಹಾಗೆ. ಎಲೆ ಎಲೆಯ ಹಿಂದಿಂದ.

ಅಕ್ಕನ ಕೈ ಸಡಿಲಾಯಿತು. ಓಡಿ ಬಂದರು.

ಮಾರನೇ ದಿನ ನಾನು, ಜೆಂಕೊ ಹೋಗಿ ನೋಡಿದೆವು. ಸಿಮೆಂಟು ಇದ್ದ ಹಾಗೇ ಇತ್ತು. ನಾನೇ ಅಂಗೈ ಇಟ್ಟು ನೋಡಿದೆ. ಒಣಗಿತ್ತು.

ಕಿಕು ಅಕ್ಕ ಬದುಕಿದ್ದಾಳೆ, ಚೆನ್ನಾಗಿದ್ದಾಳೆ. ಆದರೆ ಮುಂದಿನ ಶುಕ್ರವಾರ ಮೈಕ್ ಮುಂದೆ ಬಾಯಿ ತೆರೆದಾಗ ಎರಡನೇ ದನಿ ಬಂತು. ಮತ್ತೆ ಎತ್ತಿಕೊಂಡಳು, ಮತ್ತೆ ಅದೇ. ತನ್ನದೇ ಹಾಡಿನ ಮೊದಲ ದನಿ ಅವಳಿಗೆ ಸಿಗ್ತಿಲ್ಲ. ಗಂಟಲಲ್ಲಿ ಏನೂ ತೊಂದರೆ ಇಲ್ಲ ಅಂದರು ಡಾಕ್ಟರು. ಈಗ ಮೊದಲ ದನಿಯನ್ನ ಜನ ಹಾಡ್ತಾರೆ, ಅವಳು ಕೆಳಗಿಂದ ಜೊತೆ ಕೊಡ್ತಾಳೆ. ಹೊಸಬರು ಇದೆಷ್ಟು ಚೆಂದ ಅಂತಾರೆ. ನಾವು ನಕ್ಕು ಸುಮ್ಮನಾಗ್ತೀವಿ.

ತಾಕಾಯೊ ಈಗಲೂ ಬರ್ತಾಳೆ. ದೊಡ್ಡ ರಸ್ತೆ ಸುತ್ತಿಕೊಂಡು ಮನೆಗೆ ಹೋಗ್ತಾಳೆ, ದಾರಿಯಲ್ಲಿ ತುಟಿ ಬಿಚ್ಚಲ್ಲ.

ನೀವು ನಂಬಬೇಡಿ ಬೇಕಾದ್ರೆ. ಆದರೆ ಕಿಕು ಅಕ್ಕನ ಗಿಟಾರಿಗೆ ತಂತಿ ಹಾಕೋನು ನಾನು. ಮೊದಲು ಒಂದು ಸಲ ಹಾಕಿದರೆ ತಿಂಗಳುಗಟ್ಟಲೆ ಬರ್ತಿತ್ತು. ಈಗ ವಾರ ವಾರ ತುಕ್ಕು ಹಿಡಿಯುತ್ತೆ. ಎಡಗೈ ಒತ್ತೋ ಕಡೆ ಅಲ್ಲ. ಬಲಗೈ ಮೀಟೋ ಕಡೆ ಮಾತ್ರ. ಬಿಚ್ಚಿದ ತಂತಿಗಳನ್ನೆಲ್ಲ ಬಿಸ್ಕತ್ ಡಬ್ಬಿಯಲ್ಲಿ ಇಟ್ಟಿದ್ದೀನಿ. ಬೆಳಕಾದ ಮೇಲೆ ಬನ್ನಿ, ತೋರಿಸ್ತೀನಿ.