ಜರ್ಮನಿ ಪ್ಲೇಟು

ಬ್ಯಾಡ, ನನಗ ಚಾ ಬ್ಯಾಡ. ಚಾ ಕುಡಿಯಾಕ ಬಂದಿಲ್ಲ ನಾ. ಆ ಸ್ಕ್ರೂಡ್ರೈವರ್ ಕೆಳಗಿಡು ಬಾಬುಲಾಲ, ನನ್ನ ಮಾರಿ ನೋಡಿ ಮಾತಾಡು. ಹೊರಗ ಬೇವಿನ ಗಿಡದ ಬುಡಕ ಯಾರು ಕುಂತಾರ ನೋಡಿಯೇನು? ಊರ ಪಂಚರ ಹಿರಿಯಾ ಶಂಕ್ರೆಪ್ಪ ಕುಂತಾನ, ಓಣಿ ಹಿರೇರು ನಾಕು ಮಂದಿ ಕುಂತಾರ. ನನ್ನ ಕರೆದು ಹೇಳಿದ್ರು... ಶೇವಂತೆವ್ವಾ, ತಪ್ಪು ಆಗಿದ್ದು ನಿನ್ನ ಮಗಳ ಹೆಣದ ಮುಂದ, ನೀನೇ ಒಳಗ ಹೋಗು, ಬಾಬುಲಾಲ ನಿನಗ ಕೈಮುಗಿದು ತಪ್ಪಾತು ಅಂದ್ರ ಮುಗೀತು, ಅವನ ಸ್ಪೀಕರಿನ ಮ್ಯಾಲ ಹಾಕಿದ ಬಂದಿ ಇವತ್ತೇ ತಗೀತೇವಿ ಅಂತ. ತಪ್ಪಾತು. ಅಷ್ಟೇ. ಒಂದು ಮಾತು. ಹೇಳಿ ಬಿಡು, ನಾ ಮನಿಗೆ ಹೋಗ್ತೇನಿ, ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದೇನಿ.

ಹೂಂ ಅನ್ನು. ಉಹೂಂ ಅನ್ನು. ಏನರೆ ಅನ್ನಪ್ಪಾ!

ದೀಪಾವಳಿಯಿಂದ ಇತ್ತೀಚೆ ನಿನ್ನ ಸ್ಪೀಕರಿನ ಹಾರ್ನು ಯಾವ ಹಂದರದ ಮ್ಯಾಲೂ ಏರಿಲ್ಲ. ಮನಗೂಳಿಯಾಗ ಲಗ್ನಾದ್ರ ಮೊದಲು ಹಂದರ, ಹಂದರದ ಮ್ಯಾಲ ನಿನ್ನ ಹಾರ್ನು, ಆಮ್ಯಾಲ ಮದುಮಗ. ಈಗ ತಾಂಬಾದಿಂದ ಯಾವನ್ನೋ ಕರಸ್ತಾರ. ಅವನ ಪೆಟ್ಟಿಗಿ ನೆಗಡಿ ಆದ ಎಮ್ಮಿ ಹಂಗ ಗೊರಗೊರ ಅಂತೈತಿ. ಎಮರ್ಜೆನ್ಸಿಯಾಗ ಪೊಲೀಸರು ಸ್ಪೀಕರ್ ಬಂದ್ ಮಾಡ್ರಿ ಅಂದ್ರೂ ಕೇಳದ ಊರು ಇದು, ಈಗ ಶಂಕ್ರೆಪ್ಪ ಕಣ್ಣು ಕೆಂಪು ಮಾಡಿದ ಅಂತ ಕೇಳಾಕತ್ತೈತಿ.

ಯಾಕ ನಗತಿ? ನಗಲಿಲ್ಲಾ? ಆತು ಬಿಡು, ನಿನ್ನ ಮೀಸಿನೇ ಹಂಗ.

ಊರಾಗ ಏನಂತಾರ ಗೊತ್ತೈತೇನು? ಶೇವಂತೆವ್ವನ ಮಗಳು ಸುಂದರವ್ವನ ಹೆಣಾ ಗ್ವಾಡಿಗೆ ಆನಿಸಿ ಕುಂದ್ರಿಸಿದ್ರ, ಗ್ರಾಮೋಫೋನಿನ್ಯಾಗ ಭಜನಿ ಪ್ಲೇಟು ಹಚ್ಚಬೇಕಾದಾಂವ ಯಾವಾಕಿನೋ ಜರ್ಮನಿಯಾಕಿನ್ನ ಹಚ್ಚಿದ ಅಂತ. ಪ್ಲೇಟಿನ ಡಬ್ಬಿಯಾಗ ಕೈ ತಪ್ಪಿತು ಅನ್ನಬೇಕಂದ್ರ, ಒಂದು ಬಾಜು ಪೂರಾ ಮುಗಿಯೋತನ ತಗೀಲಿಲ್ಲ ಅಂತ. ಮುಗಿದ ಮ್ಯಾಲ ತಿರುವಿ ಎರಡನೇ ಬಾಜುನೂ ಹಚ್ಚಿದ ಅಂತ! ತಿರುವಿ ಹಚ್ಚಿದ ಮ್ಯಾಲ ಕೈ ತಪ್ಪಿತು ಅಂದ್ರ ಯಾರು ನಂಬ್ತಾರ?

ಮತ್ತ ನಾ ಯಾರು? ಮನಗೂಳಿಯಿಂದ ಮುಳವಾಡತನ, ಅತ್ತ ಬಾಗೇವಾಡಿತನ, ಯಾರ ಮನ್ಯಾಗ ಸಾವಾದ್ರೂ ಮೊದಲು ಕರಿ ಬರೋದು ನನಗ. ಹಾಡ್ಯಾಡಿ ಅಳಾಕ. ಸತ್ತವರು ಹುಟ್ಟಿದಲ್ಲಿಂದ ಹಿಡಿದು, ಏನು ಉಂಡ್ರು, ಯಾರಿಗೆ ಉಣಿಸಿದ್ರು, ಯಾರು ಅವರಿಗೆ ಅನ್ಯಾಯ ಮಾಡಿದ್ರು, ಎಲ್ಲಾ ಹಾಡಿನ್ಯಾಗ ತಂದು ಹೆಣದ ಮುಂದ ಇಡಬೇಕು. ಹಂಗ ಅಳಾಕಿನ್ನ ಯಾರೂ ತಡಿಯಂಗಿಲ್ಲ. ಗೌಡನ ಹೆಸರು ತಗೊಂಡ್ರ ಗೌಡನೂ ತಲಿ ಕೆಳಗ ಹಾಕಿ ಕೇಳಬೇಕು. ಆದ್ರ ಹೆಣದ ಮುಂದ ಸುಳ್ಳು ಹಾಡಂಗಿಲ್ಲ, ಇದ್ದದ್ದು ಬಿಡಂಗಿಲ್ಲ. ನಮ್ಮವ್ವ ನನಗ ಬ್ಯಾರೆ ಏನೂ ಕಲಿಸಲಿಲ್ಲ, ಅದೊಂದೇ ಕಲಿಸಿದ್ಲು.

ನಿಮ್ಮವ್ವ ಅಖ್ತರಬೇಗಂ ತೀರಿಕೊಂಡಾಗ, ನಮ್ಮಲ್ಲಿ ಹಿಂಗ ದನಿ ತಗದು ಅಳಬಾರದು ಅಂದ್ರು ನಿಮ್ಮ ಮಂದಿ. ನಾ ಅಂಗಳ ಬಿಟ್ಟು ಹುಣಸಿ ಗಿಡದ ಕೆಳಗ ಕುಂತು ಅತ್ತೆ. ನಿಮ್ಮಪ್ಪ ಕಾಸಿಂಸಾಬನ ಕೈಯಾಗ ಆಕಿ ತಿಂದ ಪೆಟ್ಟೂ ಹಾಡಿದೆ. ಆ ಮನಷ್ಯಾ ಬಾಗಲಾಗ ನಿಂತು ಎಲ್ಲಾ ಕೇಳಿದ. ನೀ ಅವನ ಹಿಂದ ನಿಂತಿದ್ದಿ. ಅವತ್ತಿನಿಂದ ನನ್ನ ಚಿಗವ್ವಾ ಅಂತ ಕರೀತಿ. ಮತ್ತ ಚಿಗವ್ವಗ ಹಿಂಗ ಮಾಡ್ತಾರೇನು?

ಎಲ್ಲೈತಿ ಆ ಪ್ಲೇಟು? ತಾ ಇಲ್ಲೆ. ಒಡದು ಹಾಕ್ತೇನಿ, ಜಗಳ ಮುಗೀಲಿ.

ನೋಡು ಇಕಿನ್ನ, ಪ್ಲೇಟಿನ ಕವರಿನ ಮ್ಯಾಲ. ಕರಿ ಅಂಗಿ ಹಾಕ್ಕೊಂಡು, ಕೈ ಮ್ಯಾಲ ಕೈ ಇಟ್ಟು ನಿಂತಾಳ, ಸಾಲಿ ಕಲಸೋ ಬಾಯಾರ ಹಂಗ. ಬಾಜೂಕ ಆ ಪಿಯಾನೊ ಅನ್ನೋ ಪೆಟ್ಟಿಗಿ. ನಮ್ಮ ಭಜನಿ ಪೆಟ್ಟಿಗಿ ಹತ್ತು ಕೂಡಿಸಿದ್ರೂ ಅಷ್ಟಾಗಂಗಿಲ್ಲ. ಬಾರಸಾಂವನ ಮಾರಿನೇ ಕಾಣವಲ್ದು, ಬೋಳ ತಲಿ ಒಂದು ಕಾಣತೈತಿ. ಬರಗಾಲ ಮುಗಿದ ಮರುವರ್ಷ ಹಳೇ ಶಾಸನಾ ಓದಾಕ ಬಂದಿದ್ಲಲ್ಲ, ಆ ಜರ್ಮನಿ ಪಂಡಿತೆ, ಆಕಿ ಗ್ರಾಮೋಫೋನು ನೀ ರಿಪೇರಿ ಮಾಡಿ ಕೊಟ್ಟಿ ಅಂತ ಖುಷಿಯಾಗಿ ಇದನ್ನ ಕೊಟ್ಟು ಹೋದ್ಲು. ಸೀರಿ ಕೊಡಬೌದಿತ್ತು ನಿನ್ನ ಹೇಣ್ತಿಗೆ. ಇದನ್ನ ಕೊಟ್ಲು.

ಇಕಿ ಏನು ಅಳತಾಳ? ಅಳು ಅಂದ್ರೇನಂತ ನನ್ನ ಕೇಳು. ಸಾಲು ಮುಗಿಯೋ ಮುಂದ ನಾವು ದನಿ ಇಳಸ್ತೇವಿ, ಇಳಿಸಿ ಉಸಿರು ಬಿಡ್ತೇವಿ. ಇಕಿ ಏರಸ್ತಾಳ. ಏರಿಸಿ ಅಲ್ಲೇ ಹಿಡಿದು ನಿಲ್ಲಸ್ತಾಳ, ಹದ್ದು ರೆಕ್ಕಿ ಬಡೀಲಾರದ ನಿಂತಂಗ. ಉಸಿರು ಎಲ್ಲಿ ತಗೊಂಡ್ಲು ಅಂತ ತಿಳಿಯಂಗಿಲ್ಲ. ಎರಡನೇ ಬಾಜು ಮೂರನೇ ಹಾಡಿನ್ಯಾಗ ಮಾತ್ರ ಒಂದು ಕಡೆ ಕೇಳತೈತಿ, ಸಣ್ಣಗ, ಬಿಕ್ಕಿದಂಗ. ಕಡೀಕ ಆಕಿ ಸುಮ್ಮನಾಗ್ತಾಳ. ಆ ಪಿಯಾನೊ ಪೆಟ್ಟಿಗಿ ಸುಮ್ಮನಾಗಂಗಿಲ್ಲ. ಅದೊಂದೇ ಹನಿ ಹನಿ ಬಾರಿಸ್ಕೊಂತ ಹೋಗತೈತಿ... ಮಣ್ಣು ಕೊಟ್ಟು ಬಂದು ಎಲ್ಲಾರೂ ಎದ್ದು ಹೋದ ಮ್ಯಾಲ ಒಬ್ಬಾಕಿ ಕಸಾ ಹೊಡಕೊಂತ ಉಳೀತಾಳ ನೋಡು, ಹಂಗ.

ಏನು ಹಂಗ ನೋಡ್ತಿ? ಇಷ್ಟೆಲ್ಲಾ ಹೆಂಗ ಗೊತ್ತು ಅಂತೇನು? ಅವತ್ತು ಹೆಣದ ಮುಂದ ಕೇಳಿದ್ದು. ಒಂದು ಸಲ... ಆತಪ್ಪಾ, ಅದಕ್ಕಿಂತ ಮೊದಲು ಇಲ್ಲೇ ಕುಂತೂ ಕೇಳೇನಿ, ಬಸ್ಸಿಗೆ ಕಾಯೋ ಮುಂದ. ನಾಕೈದು ಸಲ ಆಗಿರಬೇಕು. ಬಸ್ಸು ತಡಾ ಮಾಡಿ ಬಂದ್ರ ನಾ ಏನು ಮಾಡಲಿ? ಏನು ಹಾಡ್ತಾಳೋ ಇಕಿ ಅಂತ ಕೇಳಿದಾಗ, ಗೊತ್ತಿಲ್ಲ ಚಿಗವ್ವಾ, ಊಟಕ್ಕ ಕರಿಯಾಕತ್ತಿರಬೌದು ಅಂದಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಕು ತಾಲೂಕಿನ್ಯಾಗ ಇಕಿ ಮಾತು ಒಬ್ಬರಿಗೂ ತಿಳಿಯಂಗಿಲ್ಲ ಅಂದಿ. ನೆನಪೈತೇನು?

ಇರಲಿ. ಅದು ಬ್ಯಾಡ ಈಗ. ತಪ್ಪಾತು ಅನ್ನು.

ಹಟಾ ಯಾರ ಮುಂದ ಮಾಡಾಕತ್ತಿ? ಪಡದೆ ಹಿಂದ ನಿನ್ನ ಹೇಣ್ತಿ ಶಮಶಾದಬಿ ನಿಂತು ಕೇಳಾಕತ್ತಾಳ, ಆಕಿ ಕಾಲು ಕಾಣತಾವ. ಆಕಿ ಮಾರಿ ನೋಡಿಯೇನು ಈಚೀಚೆ? ನಿನ್ನ ಸಲುವಾಗಿ ಬಂದೇನಿ ನಾ. ನಿನ್ನ ಮ್ಯಾಲ ಸಿಟ್ಟು ಇರಬೇಕಾದಾಕಿ ನಾನೇ ಬಂದೇನಿ. ಏನಂದಿ? ನಿನಗ ನನ್ನ ಮ್ಯಾಲ ಸಿಟ್ಟಿಲ್ಲಂತ ತಲಿ ಅಲ್ಲಾಡಸ್ತಿ? ನಿನಗ್ಯಾಕ ಸಿಟ್ಟು ಇರಬೇಕು ನನ್ನ ಮ್ಯಾಲ? ನಾ ಏನು ಮಾಡೇನಿ?

ನನಗೂ ಅಂತಾರ ಮಂದಿ, ಬಿಟ್ಟಿಲ್ಲ. ಊರಿಗೆಲ್ಲ ಅತ್ತಾಕಿ, ಹಡದ ಮಗಳಿಗೆ ಒಂದು ಸಾಲು ಹಾಡಲಿಲ್ಲ ಅಂತ. ಬಾವಿ ಕಟ್ಟಿ ಮ್ಯಾಲ ನಮ್ಮ ಓಣಿ ಚನ್ನವ್ವ ಮಾರಿಗೇ ಕೇಳಿದ್ಲು. ನಾ ಏನು ಹೇಳಬೇಕು? ಬಾಬುಲಾಲನ ಸ್ಪೀಕರಿನ ಗದ್ಲದಾಗ ಹೆಂಗ ಹಾಡಲೇ, ನನ್ನ ದನಿ ಮುಚ್ಚಿಬಿಟ್ಟ ಆಂವ ಅಂದೆ. ಅಂದೆ. ಹೌದು, ನಾನೇ ಅಂದೆ. ಆಕಿ ಹೋಗಿ ಶಂಕ್ರೆಪ್ಪಗ ಹೇಳಿದ್ಲು, ಆಂವ ಬಂದಿ ಹಾಕಿದ. ಆಂವ ಹಾಕ್ತಾನಂತ ನನಗೇನು ಕನಸು ಬಿದ್ದಿತ್ತೇನು?

ಬೈಯಬಾರದೇನು ನನ್ನ? ಇಷ್ಟು ದಿವಸ ಯಾರ ಮುಂದೂ ಬಾಯಿ ಬಿಟ್ಟಿಲ್ಲ ನೀ... ಹೇಣ್ತಿ ಮುಂದರೆ? ಆಕಿಗೂ ಹೇಳಿಲ್ಲೇನು? ಆಕಿಗೂ ಇಲ್ಲಾ?

ಎಂಥಾಂವ ಇದ್ದೀಯೋ. ಎಂಥಾ ಕೆಟ್ಟಾಂವ ಇದ್ದಿ. ಹಿಂಗ ಸುಮ್ಮನ ಕುಂತು ಮನಷ್ಯಾರನ್ನ ಸುಡಬಾರದು.

ಕೇಳು ಹಂಗಾರ. ಶಮಶಾದಬಿ, ನೀನೂ ಈಚೆ ಬಾರವ್ವ, ಪಡದೆ ಹಿಂದ ನಿಲ್ಲಬ್ಯಾಡ.

ಸುಂದರವ್ವನ್ನ ಟ್ರ್ಯಾಕ್ಟರಿನ್ಯಾಗ ತಂದ್ರು ಮುದ್ದೇಬಿಹಾಳದಿಂದ. ತವರಮನಿ ಮಣ್ಣಾಗ ಇಡ್ರಿ ಅಂದಿದ್ಲಂತ. ಹೆಂಗಸರು ನನ್ನ ಸುತ್ತ ಕುಂತ್ರು, ಚನ್ನವ್ವ ನನ್ನ ಬೆನ್ನ ಮ್ಯಾಲ ಕೈ ಇಟ್ಟು, ಹಿಡಿಯವ್ವ ಮೊದಲನೇ ಸಾಲು ಅಂದ್ಲು. ಬಾಯಿ ತೆಗೆದೆ. ಹುಟ್ಟಿದ್ದು ಹಾಡಬೇಕು, ಲಗ್ನಾ ಹಾಡಬೇಕು, ಆಮ್ಯಾಲ ಆ ಸೋಮವಾರ ಬರತೈತಿ. ಸಾಯೋ ಎಂಟು ದಿನಾ ಮೊದಲು ಬಂದಿದ್ಲು. ಕಾಮಣಿ ಆಗಿ ಕಣ್ಣು ಅರಿಷಿಣದಂಗ ಆಗಿದ್ದುವು. ಯವ್ವಾ, ನಾಕು ದಿವಸ ಇಟ್ಟುಕೋ ಅಂದ್ಲು. ಅವತ್ತು ಮುಳವಾಡದಾಗ ದೊಡ್ಡ ಮನೆತನದ ಸಾವು. ನನ್ನ ಕರಿಯಾಕ ಬಂದ ಗಾಡಿ ಬಾಗಲಾಗ ನಿಂತಿತ್ತು. ಲಗ್ನಾದ ಮಗಳು ಹಿಂಗ ಬಂದು ಕುಂತ್ರ ಮಂದಿ ಏನಂದಾರು, ಔಷಧಾ ಅಲ್ಲೇ ಕೊಡಸ್ತಾರ ಹೋಗು ಅಂತ ಬಂದ ಬಸ್ಸಿಗೇ ಹೊಳ್ಳಿ ಏರಿಸಿದೆ. ಒಂದು ಗುಟುಕು ನೀರು ಕುಡಸಲಿಲ್ಲ. ನನ್ನ ತವರು ತುಂಗಭದ್ರಾ ಆಚೀಗೆ, ಐವತ್ತು ವರ್ಷದಾಗ ಎರಡು ಸಲ ಹೋಗೇನಿ ನಾ. ತವರು ಅಂದ್ರ ಏನಂತ ನನಗ ಗೊತ್ತಿರಬೇಕಿತ್ತಲ್ಲ?

ಮುಳವಾಡದಾಗ ಹೊತ್ತು ಮುಳುಗೋತನ ಹಾಡಿದೆ. ಇಂಥಾ ಅಳು ಕೇಳೇ ಇಲ್ಲ ಅಂದ್ರು ಎಲ್ಲಾರೂ.

ಅದನ್ನ ಹಾಡಬೇಕಿತ್ತು ಮಗಳ ಮುಂದ. ಬಿಟ್ಟು ಹಾಡಿದ್ರ ಸುಳ್ಳು. ಅದಕ್ಕ ಎದ್ದು ಹೊರಗ ಬಂದೆ. ನೀ ಹಾರ್ನು ಕಟ್ಟಾಕತ್ತಿದ್ದಿ. ನಿನ್ನ ಎರಡೂ ಕೈ ಹಿಡಕೊಂಡೆ. ಭಜನಿ ಬ್ಯಾಡ ಬಾಬುಲಾಲ, ಅದು ಎಲ್ಲಾರಿಗೂ ತಿಳೀತೈತಿ. ಯಾರಿಗೂ ತಿಳೀಲಾರದಾಕಿನ್ನ ಹಚ್ಚು, ನಾ ಸಾಕು ಅನ್ನೋತನ ತಗೀಬ್ಯಾಡ, ನಾ ಹೇಳಿದೆ ಅಂತ ಯಾರ ಮುಂದೂ ಅನ್ನಬ್ಯಾಡ ಅಂದೆ. ಯಾಕಂತ ಕೇಳಲಿಲ್ಲ ನೀ. ಸೈಕಲ್ ಏರಿ ಅಂಗಡಿಗೆ ಓಡಿ ತಂದಿ.

ಬ್ಯಾಡ, ಕೈ ಮುಗೀಬ್ಯಾಡ ನನಗ. ಈಗ ಮುಗಿದ್ರ ಹೊಡೀತೇನಿ ನೋಡು. ತಪ್ಪಾತು ಅನ್ನೋ ಮಾತು ನಿನ್ನ ಬಾಯಾಗ ಬರಬಾರದು.

ಹಾರ್ನು ಹೊರಗ ತಗಿ. ಅವರ ಕಡೆ ಮಾರಿ ಮಾಡಿ ಇಡು. ನಾ ಹೋಗಿ ಆ ಬೇವಿನ ಗಿಡದ ಕೆಳಗ, ಶಂಕ್ರೆಪ್ಪನ ಎದುರಿಗೇ ಕುಂದ್ರತೇನಿ. ಎರಡನೇ ಬಾಜು, ಮೂರನೇ ಹಾಡು. ಆಕಿ ಸುಮ್ಮನಾಗಿ ಪೆಟ್ಟಿಗಿ ಒಂದೇ ಉಳೀತೈತಲ್ಲ, ಅಲ್ಲಿಂದ ನಾ ಹಿಡೀತೇನಿ ಮೊದಲನೇ ಸಾಲು. ಹುಟ್ಟಿದ್ದು, ಲಗ್ನಾ, ಸೋಮವಾರ, ನಿನ್ನ ಎರಡು ಕೈ, ಎಲ್ಲಾ.

ಅಳಬ್ಯಾಡೋ, ಗಂಡಸಾಗಿ. ಸೂಜಿ ಇಡು.