ಒಂದು ನೂಲು ಗಿಡ್ಡ

ಮೇಸ್ತ್ರಿ ಬಾವಿ ದಾಟಿ ನಾಲ್ಕು ಹೆಜ್ಜೆ ಹೋಗಿದ್ದ. ಹಿಂದಿನಿಂದ ಸದ್ದು ಬಂತು.

ಟಕ್... ಟಕ್...

ಇಂಜಿನ್ ಸದ್ದಲ್ಲ. ಯಾರೋ ಬೈಕನ್ನು ತಳ್ಳಿಕೊಂಡು ಬರುತ್ತಿದ್ದರು. ಮೇಸ್ತ್ರಿ ತಿರುಗಿ ನೋಡಲಿಲ್ಲ. ಅವನಿಗೆ ನೋಡುವ ಅಗತ್ಯವೇ ಇರಲಿಲ್ಲ. ಇಪ್ಪತ್ತೆರಡು ವರ್ಷ ಬೈಕ್ ರಿಪೇರಿ ಮಾಡಿದ ಕಿವಿ. ಹಿಂದಿನ ಚಕ್ರ ಸಡಿಲ, ಎಂದುಕೊಂಡ. ಚಕ್ರ ಒಂದು ಸುತ್ತು ಬಂದಾಗಲೊಮ್ಮೆ ಟಕ್.

ಮೇಸ್ತ್ರಿ ನಮ್ಮ ಪಕ್ಕದ ಮನೆಯವನು. ಸುಳ್ಳು ಹೇಳುವವನೇ, ಒಪ್ಪಿಕೊಳ್ಳೋಣ. ಆದರೆ ಇದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು.

ಅವತ್ತು ಒಂದು ಕ್ಲಚ್ ಕೆಲಸ ಮುಗಿಸುವಷ್ಟರಲ್ಲಿ ರಾತ್ರಿ ಹನ್ನೊಂದೂವರೆ ಆಗಿತ್ತು. ಬಾವಿ ಇರುವುದು ಅಂಗಡಿಗೂ ಮನೆಗೂ ನಡುವೆ. ಅಲ್ಲಿ ದೀಪ ಇಲ್ಲ.

"ಮೇಸ್ತ್ರಿ..."

ನಿಂತ. ಹೆಲ್ಮೆಟ್ ಹಾಕಿದ ಒಬ್ಬ ಮನುಷ್ಯ. ಗಾಜು ಇಳಿಬಿಟ್ಟಿದ್ದ. ಬೈಕಿಗೆ ಕೆಸರು ಮೆತ್ತಿ ಬಣ್ಣವೇ ಗೊತ್ತಾಗುತ್ತಿರಲಿಲ್ಲ. ಹಿಂದಿನ ಚಕ್ರ ಅಲ್ಲಾಡುತ್ತಿದೆ, ನೋಡಬೇಕು ಎಂದ. ಪಿಸುಮಾತು. ಗಂಟಲು ಕಟ್ಟಿದವರ ಹಾಗೆ.

ನಾಳೆ ಬನ್ನಿ ಯಜಮಾನ್ರೇ, ಹೆಂಡತಿ ಬಾಗಿಲು ತೆಗೆಯಲ್ಲ, ಎಂದು ಮೇಸ್ತ್ರಿ ನಗೆಯಾಡಿದ. ಆ ಮನುಷ್ಯ ನಗಲಿಲ್ಲ. ಬೈಕನ್ನು ಅಂಗಡಿಯ ಕಡೆ ತಿರುಗಿಸಿದ. ತಳ್ಳಿಕೊಂಡು ಹೊರಟೇಬಿಟ್ಟ.

ಟಕ್... ಟಕ್...

ಯಾಕೆ ಹಿಂದೆ ಹೋದೆ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಕಾಲು ಹೋಯಿತು, ನಾನು ಹೋಗಲಿಲ್ಲ ಅನ್ನುತ್ತಾನೆ.

ಶಟರ್ ಎತ್ತಿ ಬಲ್ಬ್ ಹಾಕಿದ. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಏರಿಸಿದ. ಕುಕ್ಕರಗಾಲಲ್ಲಿ ಕೂತ. ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿದ. ಬೀಳಲಿರುವ ಹಲ್ಲಿನಂತೆ ಅಲ್ಲಾಡಿತು. ಮೊದಲು ಆಕ್ಸಲ್ ನಟ್ ನೋಡಿದ. ಬಿಗಿಯಾಗಿತ್ತು. ಹಿಂದಿನ ಫೋರ್ಕ್ ಹಿಡಿದು ಎಳೆದ. ಜಪ್ಪಯ್ಯ ಅನ್ನಲಿಲ್ಲ. ಪಾನಾದಿಂದ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿದ. ಠಣ್, ಠಣ್, ಠಣ್. ಎಲ್ಲ ಸರಿ.

"ಬೇರಿಂಗ್ ಹೋಗಿದೆ," ಎಂದ.

"ಯಾಕೆ ಹೋಯ್ತು?"

ಬಿಚ್ಚಿದರೆ ಗೊತ್ತಾಗುತ್ತೆ ಎಂದು ನಟ್ ಕಳಚಿದ. ಆಕ್ಸಲ್ ಹೊಡೆದು ತೆಗೆದ. ಚೈನ್ ಬಿಡಿಸಿದ. ಬ್ರೇಕ್ ರಾಡ್ ಬಿಡಿಸಿದ. ಚಕ್ರ ಎಳೆದು ನೆಲದ ಮೇಲೆ ಮಲಗಿಸಿದ.

ಟಕ್.

ಮೇಸ್ತ್ರಿಯ ಕೈ ನಿಂತಿತು. ಚಕ್ರ ನೆಲದ ಮೇಲಿದೆ. ಬೈಕ್ ಸ್ಟ್ಯಾಂಡ್ ಮೇಲಿದೆ. ತಿರುಗುವ ವಸ್ತು ಒಂದೂ ಇಲ್ಲ.

ಟಕ್...

ಆ ಮನುಷ್ಯ ಅಂಗಡಿಯನ್ನು ನೋಡುತ್ತಿದ್ದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಅವನ ತಲೆ ತಿರುಗಿದಾಗಲೆಲ್ಲ ಕುತ್ತಿಗೆಯಲ್ಲಿ ಆ ಸದ್ದು.

ಮೇಸ್ತ್ರಿ ತಲೆ ತಗ್ಗಿಸಿದ. ಕೆಲಸ ಮುಗಿಸಿ ಕಳಿಸಿಬಿಡೋಣ ಎಂದುಕೊಂಡ. ಬೇರಿಂಗನ್ನು ಹೊಡೆದು ಹೊರಗೆ ಹಾಕಿದ. ನುಚ್ಚುನೂರಾಗಿತ್ತು. ಅದರ ಹಿಂದೆಯೇ ಚಕ್ರದ ನಡುವಿನ ಹಬ್‌ನಿಂದ ಇನ್ನೊಂದು ತುಂಡು ಜಾರಿ ಅವನ ಅಂಗೈಗೆ ಬಿತ್ತು.

ನೀರಿನ ಪೈಪಿನ ತುಂಡು. ಗರಗಸದಲ್ಲಿ ಕೊಯ್ದದ್ದು. ಒಂದು ತುದಿ ಓರೆ.

ಮೇಸ್ತ್ರಿಗೆ ತನ್ನ ಕೈಯ ಕೊಯ್ತ ಗೊತ್ತಾಗದೆ ಇರುತ್ತದೆಯೇ?

ಹಿಂದಿನ ಚಕ್ರದ ಒಳಗೆ ಎರಡು ಬೇರಿಂಗ್ ಇರುತ್ತವೆ. ಎರಡರ ನಡುವೆ ನಾಲ್ಕು ಬೆರಳಗಲದ ಒಂದು ಕಬ್ಬಿಣದ ಕೊಳವೆ. ಸ್ಪೇಸರ್ ಅನ್ನುತ್ತಾರೆ. ನಟ್ ಬಿಗಿದಾಗ ಬೇರಿಂಗ್ ಮೇಲೆ ಭಾರ ಬೀಳದಂತೆ ತಡೆಯುವುದು ಅದರ ಕೆಲಸ. ಎಂಟು ತಿಂಗಳ ಹಿಂದೆ ಒಂದು ಬೈಕಿನ ಸ್ಪೇಸರ್ ಮೇಸ್ತ್ರಿಯ ಕೈತಪ್ಪಿ ಚರಂಡಿಗೆ ಉರುಳಿತ್ತು. ಬೈಕ್ ಕರೆಂಟ್ ಕಂಬ ಹತ್ತುವ ಲೈನ್‌ಮನ್‌ನದು. ಎಲ್ಲೋ ತಂತಿ ಹರಿದಿದೆ, ಬೇಗ ಕೊಡು ಎಂದು ಅವನು ತಲೆಯ ಮೇಲೆ ಕೂತಿದ್ದ. ಮೇಸ್ತ್ರಿ ಪೈಪ್ ಕೊಯ್ದು ತುರುಕಿದ. ಒಂದು ನೂಲು ಗಿಡ್ಡವಾಯಿತು. ಒಂದು ನೂಲು ಅಂದರೆ ಎಷ್ಟು? ಬಾಗಿಲ ಸಂದಿಯಲ್ಲಿ ಬೆಳಕು ನುಸುಳುವಷ್ಟು. ನಟ್ ಬಿಗಿದು ಕೈ ಒರೆಸಿಕೊಂಡ.

ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಯಾವ ಚಕ್ರ ಬಿಚ್ಚಿದರೂ ಮೇಸ್ತ್ರಿಯೇ ಟ್ರಯಲ್ ಓಡಿಸಬೇಕು. ಗಿರಾಕಿಯನ್ನು ಹಿಂದೆ ಕೂರಿಸಿಕೊಂಡು ಇಳಿಜಾರಿನ ತಿರುವಿನವರೆಗೆ ಹೋಗಿ ಬರಬೇಕು. ಅದಕ್ಕೇ ಊರೆಲ್ಲ ಅವನನ್ನು ನಂಬುತ್ತಿತ್ತು. ಅವತ್ತು ಮಾತ್ರ ಹೊಟ್ಟೆನೋವು ಎಂದ. ನೀನೇ ಓಡಿಸಿಕೊಂಡು ಹೋಗಪ್ಪಾ ಎಂದ.

ಹನ್ನೆರಡನೇ ದಿನ ಲೈನ್‌ಮನ್ ಅದೇ ತಿರುವಿನಲ್ಲಿ ಬಿದ್ದ. ಕುತ್ತಿಗೆ ಮುರಿದು ಸತ್ತ.

ಅಲ್ಲಿಗೆ ಬಿಟ್ಟಿದ್ದರೆ ತಪ್ಪು ಅನ್ನಬಹುದಿತ್ತು. ಮೇಸ್ತ್ರಿ ಬಿಡಲಿಲ್ಲ. ಲೈನ್‌ಮನ್‌ನ ಹೆಂಡತಿ ಅಂಗಡಿಗೆ ಬಂದು ಗಾಡಿಯಲ್ಲಿ ದೋಷ ಇತ್ತಾ ಎಂದು ಕೇಳಿದಳು. ನಾಲ್ಕು ಜನ ಗಿರಾಕಿಗಳಿದ್ದರು. ಗಾಡಿ ಬಂಗಾರದಂಥದ್ದು, ನಿನ್ನ ಗಂಡನೇ ಕುಡಿದಿದ್ದ, ನನಗೇ ವಾಸನೆ ಬಡಿದಿತ್ತು ಎಂದ. ಸತ್ತವರು ಸಾಕ್ಷಿಗೆ ಬರುವುದಿಲ್ಲವಲ್ಲ. ಲೈನ್‌ಮನ್ ಹೆಂಡದ ಅಂಗಡಿಯ ನೆರಳನ್ನೂ ತುಳಿದವನಲ್ಲ. ಸಂಜೆಯಾಗುವುದರೊಳಗೆ ಅವಳು ಬೀದಿಯ ಬಾಯಲ್ಲಿ ಕುಡುಕನ ಹೆಂಡತಿ ಆದಳು. ಎಂಟು ತಿಂಗಳೂ ಅದೇ ಹೆಸರು.

ಈಗ ಅದೇ ಪೈಪ್ ಮೇಸ್ತ್ರಿಯ ಅಂಗೈಯಲ್ಲಿತ್ತು.

"ಯಾಕೆ ಹೋಯ್ತು ಬೇರಿಂಗು?" ಮತ್ತೆ ಅದೇ ಪಿಸುಮಾತು.

"ಸ್ಪೇಸರ್... ಗಿಡ್ಡ."

"ಎಷ್ಟು?"

"ಒಂದು ನೂಲು."

ಟಕ್. ತಲೆ ಒಂದು ಕಡೆಗೆ ವಾಲಿತು.

"ಹೊಸ ಬೇರಿಂಗ್ ಹಾಕು. ಟ್ರಯಲ್ ಹೋಗೋಣ. ನಿನ್ನ ಹಿಂದೆ ನಾನು ಕೂರ್ತೀನಿ."

ಮೇಸ್ತ್ರಿ ಬೇರಿಂಗ್ ತಂದ. ಸ್ಪೇಸರ್ ಹುಡುಕಿದ. ಡಬ್ಬ ಮಗುಚಿದ. ಗೋಣಿ ಝಾಡಿಸಿದ. ಹಳೆಯ ಹಬ್‌ಗಳ ಹೊಟ್ಟೆಗೆಲ್ಲ ಬೆರಳು ಹಾಕಿ ನೋಡಿದ. ಒಂದೂ ಆ ಅಳತೆಯದ್ದಿಲ್ಲ. ಹೊಸದಾಗಿ ಕೊಯ್ಯಲು ಅಂಗಡಿಯಲ್ಲಿ ಪೈಪು ಕೂಡ ಇರಲಿಲ್ಲ. ಮತ್ತೆ ಬಂದು ಕುಕ್ಕರಿಸಿದ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

"ಸ್ಪೇಸರ್ ಇಲ್ಲ ಯಜಮಾನ್ರೇ."

"ನಿನ್ನ ಹತ್ರ ಇದೆ."

"ಇಲ್ಲ. ಮಕ್ಕಳಾಣೆ."

"ಮಕ್ಕಳನ್ನ ಎಳೀಬೇಡ. ಇದೆ ಅಂದೆ. ಕೊಡ್ತೀಯೋ... ಮತ್ತೆ ಆ ಪೈಪನ್ನೇ ಹಾಕ್ತೀಯೋ?"

ಮೇಸ್ತ್ರಿ ಆ ತಿರುವನ್ನು ನೆನೆದ. ಕಲ್ಲಿನ ಕಟ್ಟೆ ಇದೆ ಅಲ್ಲಿ. ಲೈನ್‌ಮನ್‌ನ ತಲೆ ಬಡಿದ ಕಟ್ಟೆ.

"ಇದ್ದರೆ ತಗೊಳ್ಳಿ," ಎಂದ. "ಏನು ಬೇಕಾದ್ರೂ ತಗೊಳ್ಳಿ."

ಅಷ್ಟೇ ಹೇಳಿದ್ದು. ಬಲ ಮಂಡಿಯ ಕೆಳಗೆ ತಣ್ಣೀರು ಹರಿದ ಹಾಗಾಯಿತು. ನೋವಿಲ್ಲ. ಕಟ್ ಎಂದು ಒಂದು ಸಣ್ಣ ಸದ್ದು, ಕಬ್ಬು ಮುರಿದಂತೆ. ನೋಡಿದರೆ ಮುಂದೆ ಬಿದ್ದಿದ್ದ ಗ್ರೀಸ್ ಒರೆಸುವ ಬಟ್ಟೆಯ ಮೇಲೆ ಒಂದು ಕೊಳವೆ ಇತ್ತು. ಬಿಳಿಯದು. ನಡುವೆ ತೂತು. ನಾಲ್ಕು ಬೆರಳಗಲ. ಮುಟ್ಟಿದ. ಬೆಚ್ಚಗಿತ್ತು.

ಏನು ಎಂದು ಯೋಚಿಸಲಿಲ್ಲ. ಯೋಚಿಸಿದರೆ ಕೈ ಓಡುವುದಿಲ್ಲ ಎಂದು ಗೊತ್ತಿತ್ತು. ಒಂದು ಬೇರಿಂಗ್ ಬಡಿದ. ಕೊಳವೆ ಇಳಿಸಿದ. ಇನ್ನೊಂದು ಬೇರಿಂಗ್ ಬಡಿದ. ಅಳೆದು ಮಾಡಿಸಿದರೂ ಅಷ್ಟು ಸರಿಯಾಗಿ ಕೂರುವುದಿಲ್ಲ. ಚಕ್ರ ಏರಿಸಿದ. ಆಕ್ಸಲ್ ತೂರಿಸಿ ನಟ್ ಬಿಗಿದ. ಚೈನ್ ಹಾಕಿದ. ಬ್ರೇಕ್ ರಾಡ್ ಸಿಕ್ಕಿಸಿದ. ಚಕ್ರ ಹಿಡಿದು ಅಲ್ಲಾಡಿಸಿದ. ಬಂಡೆಯ ಹಾಗೆ ನಿಂತಿತ್ತು.

ಎದ್ದು ನಿಲ್ಲಲು ಹೋದ. ಬಲಕ್ಕೆ ವಾಲಿ ಗೋಡೆ ಹಿಡಿದ.

ಬೈಕ್ ಹತ್ತಿದ. ಕಿಕ್ಕರ್‌ಗೆ ಕಾಲು ನಿಲುಕಲಿಲ್ಲ. ಹಿಂದಿನಿಂದ ಒಂದು ಬೂಟುಗಾಲು ಬಂದು ಕಿಕ್ ಒತ್ತಿತು. ಇಂಜಿನ್ ಗುಡುಗಿತು. ಹಿಂದೆ ಭಾರ ಕೂತದ್ದು ತಿಳಿಯಿತು. ಎರಡು ಆಳಿನ ಭಾರ. ಕುತ್ತಿಗೆಗೆ ಹೆಲ್ಮೆಟ್ ತಾಗುತ್ತಿತ್ತು. ಉಸಿರು ತಾಗುತ್ತಿರಲಿಲ್ಲ.

ಇಳಿಜಾರು ಬಂತು. ಮೇಸ್ತ್ರಿ ವೇಗ ತಗ್ಗಿಸಿದ. ವೇಗ ತಗ್ಗಲಿಲ್ಲ. ಬ್ರೇಕ್ ತುಳಿಯಲು ಕಾಲು ಚಾಚಿದ. ಪಾದ ಗಾಳಿಯಲ್ಲೇ ಆಡಿತು. ತಿರುವು ಬಂತು. ಕಲ್ಲಿನ ಕಟ್ಟೆ ಬಂತು...

ಚಕ್ರ ಒಂದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಬೈಕ್ ಕಟ್ಟೆಯನ್ನು ಸವರಿಕೊಂಡು ತಿರುಗಿ ನಿಂತಿತು.

"ಅಲ್ಲಾಡ್ತಾ?"

"ಇಲ್ಲ."

"ಅವತ್ತು ಅಲ್ಲಾಡಿತ್ತು."

ಮೇಸ್ತ್ರಿ ಕಲ್ಲಿನ ಕಟ್ಟೆಯನ್ನು ನೋಡಿದ.

"ನಾನು ಕುಡಿದಿದ್ನಾ?"

"ಇಲ್ಲ."

"ನಂಗೆ ಹೇಳ್ಬೇಡ. ಅವಳಿಗೆ ಹೇಳು. ನಿಂಗೆ ಇನ್ನೊಂದು ಕಾಲಿದೆ, ಮೇಸ್ತ್ರಿ."

ಹಿಂದಿನ ಭಾರ ಇಳಿಯಿತು. ಕೈಯಲ್ಲಿದ್ದ ಹ್ಯಾಂಡಲೂ ಇಲ್ಲ, ಕೆಳಗಿದ್ದ ಸೀಟೂ ಇಲ್ಲ. ಮೇಸ್ತ್ರಿ ರಸ್ತೆಯ ಮೇಲೆ ಕೂತಿದ್ದ.

ಅಲ್ಲಿಂದ ಲೈನ್‌ಮನ್‌ನ ಮನೆ ಎರಡು ಮೈಲಿ. ಬೇಲಿಯ ಗೂಟ ಕಿತ್ತು ಊರಿಕೊಂಡು ಹೋದ. ಮುಟ್ಟಿದಾಗ ಬೆಳಗಾಗಿತ್ತು. ಅವಳು ಬಾಗಿಲಲ್ಲೇ ನಿಂತಿದ್ದಳು, ಕಾಯುತ್ತಿದ್ದವಳ ಹಾಗೆ. ಸ್ಪೇಸರ್ ಚರಂಡಿಗೆ ಬಿದ್ದದ್ದು, ಪೈಪ್ ಕೊಯ್ದದ್ದು, ಹೊಟ್ಟೆನೋವು ಅಂದದ್ದು, ಕುಡಿದಿದ್ದ ಅಂದದ್ದು, ಎಲ್ಲ ಹೇಳಿದ. ಅಳುತ್ತಾ ಹೇಳಿದ. ಅವಳ ಕಣ್ಣಲ್ಲಿ ಒಂದು ಹನಿ ಇಲ್ಲ.

"ನಂಗ್ಯಾಕೆ ಹೇಳ್ತೀಯ?" ಎಂದಳು. "ನಂಗೆ ಗೊತ್ತಿತ್ತು. ಬೀದಿಗೆ ಹೇಳು."

"ತಂಗಿ, ಕಾಲು..."

"ನಿಧಾನಕ್ಕೆ ನಡಿ. ನಂಗೇನೂ ಅವಸರ ಇಲ್ಲ."

ಬೀದಿಯಲ್ಲಿ ಹತ್ತೊಂಬತ್ತು ಮನೆ. ಮೇಸ್ತ್ರಿ ಕುಂಟುತ್ತಾ ಪ್ರತಿ ಬಾಗಿಲು ಬಡಿದ. ಪ್ರತಿ ಬಾಗಿಲಲ್ಲೂ ಮೊದಲಿನಿಂದ ಹೇಳಿದ. ಅವಳು ಕೈಕಟ್ಟಿಕೊಂಡು ಹಿಂದೆ ನಿಂತಿದ್ದಳು. ಎಲ್ಲಿ ದನಿ ತಗ್ಗಿತೋ ಅಲ್ಲಿ, ಒಳಗಿರೋ ಅಜ್ಜಿಗೆ ಕಿವಿ ಮಂದ, ಜೋರಾಗಿ ಹೇಳು ಅನ್ನುತ್ತಿದ್ದಳು. ಮುಗಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಸುದ್ದಿ ತಿಳಿದು ಬಂದ ಅವನ ಹೆಂಡತಿ, ಮಕ್ಕಳು, ಗಿರಾಕಿಗಳು, ಎಲ್ಲ ರಸ್ತೆಯಲ್ಲಿ ನಿಂತು ಕೇಳಿದ್ದರು. ಲೈನ್‌ಮನ್‌ನ ಹೆಂಡತಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಅಂಗಡಿಯ ಶಟರ್ ಆಮೇಲೆ ಏಳಲಿಲ್ಲ.

ಆಸ್ಪತ್ರೆಯಲ್ಲಿ ಕಾಲಿನ ಫೋಟೋ ತೆಗೆದರು. ಮೂಳೆ ಮುರಿದಿಲ್ಲ. ಕೊಯ್ದ ಗುರುತಿಲ್ಲ. ಚರ್ಮದ ಮೇಲೆ ಹೊಲಿಗೆ ಇಲ್ಲ. ಹುಟ್ಟಿನಿಂದಲೇ ಹೀಗೆಯಾ ಎಂದು ಡಾಕ್ಟರ್ ಕೇಳಿದರಂತೆ.

ನಂಬದಿದ್ದರೆ ಬಿಡಿ. ನಡೆದದ್ದು ನಡೆದದ್ದೇ. ಮೂಲೆಯ ದರ್ಜಿ ಈಗಲೂ ಇದ್ದಾನೆ, ಹೋಗಿ ಕೇಳಿ. ಮೇಸ್ತ್ರಿಯ ಪ್ಯಾಂಟಿನ ಬಲಗಾಲನ್ನು ಅವನು ನಾಲ್ಕು ಬೆರಳು ಗಿಡ್ಡ ಹೊಲಿಯುತ್ತಾನೆ.